ಗಂಟಿನ ಕೊನೆಯ ಚೂರು

"ಎರಡೂ ಕೈ ಮೇಜಿನ ಮೇಲಿಡಿ. ನನಗೆ ಕಾಣೋ ಹಾಗೆ," ಎಂದಳು ಜಿಗಣೆ.

ಎದುರು ಕುರ್ಚಿಯ ಮನುಷ್ಯ ಇಟ್ಟ. ಉಗುರಿನ ಸಂದಿಗಳಲ್ಲಿ ಬಿಳಿ ಪುಡಿ ಮೆತ್ತಿತ್ತು. ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ದಿನವಿಡೀ ಅಚ್ಚು ಹುಯ್ಯುತ್ತಾನೆ, ಉಜ್ಜುತ್ತಾನೆ, ಹೊಳಪು ಕೊಡುತ್ತಾನೆ. ಮಾತು ಮೆದು, ಕಣ್ಣು ನೆಲದ ಮೇಲೆ. ಇವನೇ ಇಂಟರ್‌ನೆಟ್ಟಿನಲ್ಲಿ 'ಗರಗಸ' ಎಂದು ಹೆಸರಿಟ್ಟುಕೊಂಡು ಸಿಕ್ಕಸಿಕ್ಕವರನ್ನೆಲ್ಲ ಸೀಳಿ ಹಾಕುವವನು ಎಂದರೆ ಹೆತ್ತ ತಾಯಿಯೂ ನಂಬಲಿಕ್ಕಿಲ್ಲ.

ಅವನ ಲ್ಯಾಪ್‌ಟಾಪು ಮುಚ್ಚಿತ್ತು. ಫೋನನ್ನು ಜಿಗಣೆ ಆಫ್ ಮಾಡಿಸಿ ತನ್ನ ಮೊಣಕೈ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

"ನೀವು ಕರೆದಿದ್ದು ವಾದಕ್ಕೆ," ಎಂದ ಗರಗಸ. "ನಾನು ಬರೆದಿದ್ದೆಲ್ಲ ತಪ್ಪು, ಎದುರಿಗೆ ಬಂದ್ರೆ ತೋರಿಸ್ತೀನಿ ಅಂದಿದ್ರಿ. ಇದು ವಾದ ಅಲ್ಲ, ವಿಚಾರಣೆ."

"ವಿಚಾರಣೆ ಅಂದಿದ್ರೆ ಬರ್ತಿದ್ರಾ?"

ಜಿಗಣೆ ಕುರ್ಚಿಯಿಂದ ಎದ್ದಳು, ಕಿಟಕಿಯವರೆಗೆ ಹೋದಳು, ಮತ್ತೆ ಬಂದು ಕೂತಳು. ಎರಡು ದಿನದಿಂದ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅವಳದು ಖಾಸಗಿ ಪತ್ತೇದಾರಿಕೆ; ಪೊಲೀಸಿನವರು ಅವಳಿಗೆ ಜಿಗಣೆ ಎಂದು ಅಡ್ಡಹೆಸರಿಟ್ಟದ್ದು ಕಚ್ಚಿದರೆ ಬಿಡುವವಳಲ್ಲ ಎಂದು. ಆದರೆ ಈ ಸಲ ಕಚ್ಚಿಕೊಳ್ಳಲು ಒಂದು ಹಿಡಿ ಜಾಗವೂ ಸಿಕ್ಕಿರಲಿಲ್ಲ, ಮೇಲಾಗಿ ಕೇಸು ಒಡಹುಟ್ಟಿದವಳದು.

ಅವರು ಕೂತಿದ್ದು ಅಕ್ಕನ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ. ನಿದ್ದೆ ಬಾರದವರು, ಬದುಕು ಬೇಡವಾದವರು, ಮನೆಯಲ್ಲಿ ಹೇಳಲಾಗದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗುವವರು ಅಕ್ಕನ ಹತ್ತಿರ ಬಂದು ಬಾಯಿಬಿಡುತ್ತಿದ್ದರು. ಅವರ ಒಪ್ಪಿಗೆ ಪಡೆದು ಅಕ್ಕ ಆ ಮಾತುಕತೆಯನ್ನು ಧ್ವನಿಮುದ್ರಣ ಮಾಡಿ ಕ್ಲಿನಿಕ್ಕಿನ ಡಿಸ್ಕಿನಲ್ಲಿ ಇಡುತ್ತಿದ್ದಳು. ಈಗ ಆ ದನಿಗಳನ್ನು ಯಾರೋ ಗಂಟು ಕಟ್ಟಿ ಇಂಟರ್‌ನೆಟ್ಟಿಗೆ ಬಿಟ್ಟಿದ್ದರು.

ಬಿಟ್ಟದ್ದು 'ಜಗಲಿ' ಎಂಬ ಕಡೆ. ಅದು ಕಂಪ್ಯೂಟರು, ಬೀಗ, ಕನ್ನ, ಫೈಲು ಹಂಚಿಕೆ ಇವುಗಳ ಮೇಲೆ ಜಗಳವಾಡಲಿಕ್ಕೆಂದೇ ಹುಟ್ಟಿಕೊಂಡ ಜಾಲತಾಣ. ಕನ್ನ ಕಂಡರೆ ಯಜಮಾನನ ಕಿವಿಯಲ್ಲಿ ಹೇಳಬೇಕು ಎನ್ನುವವರು ಒಂದು ಕಡೆ, ಊರಿಗೆಲ್ಲ ಕೇಳುವಂತೆ ಕೂಗಬೇಕು ಎನ್ನುವವರು ಇನ್ನೊಂದು ಕಡೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಸಾವಿರ ಜನ ಒಂದೆಡೆ ಸೇರಿದರೆ ಮೊಲದ ಗತಿ ಏನಾದೀತು? ಕೂಗುವವರ ಪೈಕಿ ಎಲ್ಲರಿಗಿಂತ ದೊಡ್ಡ ಗಂಟಲು ಗರಗಸನದು. 'ಒಂದು ಮನಸ್ಸಿನ ಆಸ್ಪತ್ರೆ ಇದೆ, ಅದರ ಬಾಗಿಲು ಹುಲ್ಲಿನದು' ಎಂದು ಅವನು ವಾರಗಟ್ಟಲೆ ಬರೆದಿದ್ದ. ಅದಾದ ಮೇಲೆ 'ಹಿತ್ತಲ ಬಾಗಿಲು' ಎಂಬ ಹೊಸ ಹೆಸರಿನವರೊಬ್ಬರು ಬಂದು ಗಂಟು ಇಳಿಸಿ ಕೂತರು. ಎರಡೂ ಒಬ್ಬನ ಕೈಯದೇ ಎಂದು ಜಿಗಣೆಯ ಲೆಕ್ಕ.

ಆ ಗಂಟನ್ನು ಇಡಿಯಾಗಿ ಯಾರೂ ಯಾರಿಗೂ ಕೊಡುವುದಿಲ್ಲ. ಸಾವಿರಾರು ಚೂರು ಮಾಡಿ ಹಂಚುತ್ತಾರೆ. ನಿನಗೆ ಸಿಕ್ಕಿದ್ದನ್ನು ನನಗೆ ಕೊಡು, ನನಗೆ ಸಿಕ್ಕಿದ್ದನ್ನು ಅವನಿಗೆ ಕೊಡುತ್ತೇನೆ. ಎಲ್ಲ ಚೂರೂ ಕೂಡಿಬಂದರೆ ಮಾತ್ರ ಗಂಟು ಬಿಚ್ಚಿಕೊಳ್ಳುತ್ತದೆ, ಒಂದು ಕಡಿಮೆಯಾದರೂ ಅದು ಬರೀ ಕಸ. ಜಿಗಣೆಯೂ ಕಳ್ಳರ ಸಾಲಿನಲ್ಲಿ ಕೈಯೊಡ್ಡಿ ನಿಂತಿದ್ದಳು. ನೂರಕ್ಕೆ ತೊಂಬತ್ತೊಂಬತ್ತು ಬಂದಿತ್ತು. ಮುಂದಕ್ಕೆ ಹೋಗುತ್ತಿರಲಿಲ್ಲ.

ಆ ಉಳಿದ ಒಂದು ಬಂದರೆ ಅಕ್ಕ ಇಷ್ಟು ವರ್ಷ ಕಟ್ಟಿದ ಹೆಸರು ನೀರುಪಾಲು. ಅವಳನ್ನು ನಂಬಿ ಅತ್ತವರ ಮಾನ ಬೀದಿಪಾಲು.

ಒಳಕೋಣೆಯ ಬಾಗಿಲಿನಾಚೆ ಅಕ್ಕ ಫೋನಿನಲ್ಲಿದ್ದಳು. ಬೆಳಗಿನಿಂದ ಫೋನು ಕೆಳಗಿಟ್ಟಿರಲಿಲ್ಲ. "ಇಲ್ಲಮ್ಮ, ನಿಮ್ಮದು ಅದರಲ್ಲಿಲ್ಲ. ನಾನು ಹೇಳ್ತಿದ್ದೀನಲ್ಲ, ಇಲ್ಲ. ಸುಮ್ಮನೆ ಊಟ ಮಾಡಿ ಮಲಗಿ."

ಎಲ್ಲರಿಗೂ ಅದೇ ಮಾತು. ಸುಳ್ಳಾದರೂ ಎಷ್ಟು ಅಕ್ಕರೆಯಿಂದ ಹೇಳುತ್ತಾಳೆ ಎಂದುಕೊಂಡಳು ಜಿಗಣೆ.

"ಹುಲ್ಲಿನ ಬಾಗಿಲಂತೆ!" ಗೋಡೆಗೊರಗಿ ನಿಂತಿದ್ದ ಭಾವ ಇನ್ನು ತಡೆಯಲಾರದೆ ಸಿಡಿದರು. ಅಕ್ಕನ ಗಂಡ, ಕ್ಲಿನಿಕ್ಕಿನ ಕಂಪ್ಯೂಟರುಗಳ ಯಜಮಾನಿಕೆ ಅವರದು. "ಏನ್ರೀ ಸ್ವಾಮಿ, ನಾನು ಹಾಕಿದ ಬೀಗಕ್ಕೆ ಹುಲ್ಲು ಅಂತೀರಾ?"

"ಡಿಸ್ಕಿನ ಪಾಸ್‌ವರ್ಡು ಯಾವುದು ಇಟ್ಟಿದ್ರಿ?"

"ಅದನ್ನ ನಿಮಗೆ ಹೇಳಬೇಕೋ?"

"ಬೇಡ, ನಾನೇ ಹೇಳ್ತೀನಿ. ಕಂಪನಿಯವರು ಕೊಟ್ಟಿದ್ದೇ ಇಟ್ಟಿದ್ರಿ."

"ತುಂಬ ಕಷ್ಟದ ಪಾಸ್‌ವರ್ಡು ಅದು! ನನಗೇ ನೆನಪಿರ್ತಿರಲಿಲ್ಲ ಗೊತ್ತಾ?"

"ಆ ಡಿಸ್ಕಿನ ಡಬ್ಬದ ಅಡಿಯಲ್ಲೇ ಅಚ್ಚಾಗಿದೆ, ಸಾರ್. ಆ ಕಂಪನಿ ಮಾರಿದ ಎಲ್ಲ ಡಬ್ಬಕ್ಕೂ ಅದೇ."

ಭಾವ ಡಬ್ಬವನ್ನು ಎತ್ತಿ ಅಡಿ ನೋಡಿದರು, ಮೆಲ್ಲಗೆ ಕೆಳಗಿಟ್ಟರು. "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು," ಎಂದು ತಮಗೆ ತಾವೇ ಹೇಳಿಕೊಂಡು, "ಕಾಫಿ ತರ್ತೀನಿ," ಎಂದು ಮೆಟ್ಟಿಲಿಳಿದು ಹೋದರು. ಕಾಫಿ ಯಾರೂ ಕೇಳಿರಲಿಲ್ಲ.

ಜಿಗಣೆ ಅವರ ಬೆನ್ನನ್ನೇ ನೋಡಿದಳು. ಫೋನು ಕೈಯಲ್ಲೇ ಹಿಡಿದು ಹೋಗಿದ್ದರು.

"ಕನ್ನ ಕಂಡವರು ನೀವು. ದಾರಿ ಗೊತ್ತಿದ್ದವರು ನೀವು. ಕದ್ದವರು ಬೇರೆ ಅಂತ ನಾನು ನಂಬಬೇಕಾ?" ಎಂದಳು.

"ನಾನು ಮೊದಲು ಫೋನ್ ಮಾಡಿದ್ದೆ." ಮೊದಲ ಬಾರಿಗೆ ಅವನು ತಲೆಯೆತ್ತಿದ. "ಜಗಲೀಲಿ ಬರೆಯೋದಕ್ಕೂ ಮೊದಲೇ ಇಲ್ಲಿಗೆ ಮಾಡಿದ್ದೆ. ನಿಮ್ಮ ಡಿಸ್ಕು ಬೀದಿಗೆ ತೆರೆದಿದೆ, ಮುಚ್ಚಿ ಅಂತ. ಆ ಕಡೆ ಹೆಂಗಸಿನ ದನಿ. ಏನಂದ್ರು ಗೊತ್ತಾ? 'ನನಗೆ ಗೊತ್ತು' ಅಂದ್ರು. ಅಷ್ಟೇ. ಇಟ್ಟುಬಿಟ್ರು."

"ಯಾರು?"

"ಯಾರೋ. ಮುಚ್ಚಲಿಲ್ಲ ಅಂತ ಆಮೇಲೆ ಕೂಗಿದೆ. ಕೂಗಿದ್ರಾದ್ರೂ ಮುಚ್ಚುತ್ತಾರೆ ಅಂತ."

ಹೆಂಗಸು ಎಂದರೆ ರಜೆಯ ಮೇಲಿರುವ ರಿಸೆಪ್ಶನ್ ಹುಡುಗಿ ಇರಬೇಕು. ನಾಳೆ ಅವಳ ಮನೆಗೆ ಹೋಗಬೇಕು. ಇವತ್ತಿನ ಕೆಲಸ ಇವತ್ತು. ಜಿಗಣೆ ತನ್ನ ಲ್ಯಾಪ್‌ಟಾಪನ್ನು ಎಳೆದುಕೊಂಡಳು. ಈವರೆಗೆ ಅವಳು ತನ್ನ ಮನೆಯಿಂದಲೇ ಜಗಲಿ ಹತ್ತುತ್ತಿದ್ದಳು. ಕ್ಲಿನಿಕ್ಕಿನ ನೆಟ್ಟಿಗೆ ಅದನ್ನು ಸಿಕ್ಕಿಸಿದ್ದು ಇದೇ ಮೊದಲು.

"ನಿಮ್ಮ ಕೈ ಮೇಜಿನ ಮೇಲಿದೆ. ನಾನು ಈಗ ಹಿತ್ತಲ ಬಾಗಿಲಿಗೆ ಒಂದು ಮಾತು ಬರೀತೀನಿ. ಉತ್ತರ ಬರಲಿಲ್ಲ ಅಂದ್ರೆ ಆ ಬಾಗಿಲು ನೀವೇ."

ಅವಳು ಜಗಲಿಯಲ್ಲಿ ಬರೆದಳು: 'ಹಿತ್ತಲ ಬಾಗಿಲೇ, ಇದ್ದೀರಾ?'

ಇಬ್ಬರೂ ಪರದೆ ನೋಡುತ್ತ ಕೂತರು. ಕೆಳಗಿನ ಬೀದಿಯಲ್ಲಿ ಯಾರೋ ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದರು. ಗರಗಸನ ಬೆರಳುಗಳು ಮೇಜಿನ ಮೇಲೆ ಇಲ್ಲದ ಕೀಲಿಗಳನ್ನು ಒತ್ತುತ್ತಿದ್ದವು.

ಉತ್ತರ ಬಂತು: 'ಇದ್ದೇನೆ.'

ಜಿಗಣೆ ಗರಗಸನ ಕೈ ನೋಡಿದಳು. ಅಲ್ಲೇ ಇತ್ತು. ಎರಡು ದಿನದ ಲೆಕ್ಕವೆಲ್ಲ ಒಂದೇ ಪದಕ್ಕೆ ಬುಡಮೇಲಾಯಿತು. ಸಿಟ್ಟು ಬಂತು, ನಾಚಿಕೆಯೂ ಆಯಿತು.

"ಈಗ ನಂಬಿದ್ರಾ?" ಎಂದ ಅವನು. ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡ. ಈಗ ಕೇಳುವವನು ಅವನೇ ಆದ. "ನಿಮಗೆ ಎಷ್ಟು ಬಂದಿದೆ? ತೊಂಬತ್ತೊಂಬತ್ತಾ? ಸಾಲಿನಲ್ಲಿರೋ ಬೇರೆಯವರದು ನೋಡಿ."

ಅವಳು ನೋಡಿದಳು. ಒಬ್ಬರದೂ ಹೆಚ್ಚಿಲ್ಲ, ಒಬ್ಬರದೂ ಕಡಿಮೆಯಿಲ್ಲ. ಎಲ್ಲರೂ ತೊಂಬತ್ತೊಂಬತ್ತರಲ್ಲೇ ನಿಂತಿದ್ದರು.

"ಇದು ನೆಟ್ಟಿನ ತೊಂದರೆ ಅಲ್ಲ," ಎಂದ. "ಒಂದೇ ಒಂದು ಚೂರನ್ನ ಬೇಕು ಅಂತಲೇ ಹಿಡಿದಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಗಂಟು ಇಳಿಸಿದವನು ಒಬ್ಬರಿಗಾದರೂ ಪೂರ್ತಿ ಮುಟ್ಟಿಸದೆ ಏಳೋ ಹಾಗಿಲ್ಲ. ಕಳ್ಳ ಅಂತ ಬೇಕಾದ್ರೆ ಅನ್ನಿ, ಅರ್ಧ ಬಡಿಸಿ ಎದ್ದವನು ಅನ್ನಿಸಿಕೊಳ್ಳೋಕೆ ಯಾರೂ ಒಪ್ಪಲ್ಲ. ಇವರು ಏಳ್ತಾನೂ ಇಲ್ಲ, ಬಡಿಸ್ತಾನೂ ಇಲ್ಲ."

"ಹಣ ಕೇಳೋಕಿರಬಹುದು."

"ಯಾರನ್ನಾದ್ರೂ ಕೇಳಿದ್ದಾರಾ?"

ಕೇಳಿರಲಿಲ್ಲ. ಅಕ್ಕನಿಗೆ ಬೆದರಿಕೆಯ ಕರೆ ಕೂಡ ಬಂದಿರಲಿಲ್ಲ. ಜಿಗಣೆಯನ್ನು ನಿದ್ದೆಗೆಡಿಸಿದ್ದೂ ಅದೇ. ಕದ್ದವನಿಗೆ ಏನು ಬೇಕೆಂದೇ ತಿಳಿಯದಿದ್ದರೆ ಹಿಡಿಯುವುದು ಎಲ್ಲಿಂದ?

"ಮಾತಾಡಿಸ್ತಾ ಇರಿ," ಎಂದ ಗರಗಸ. "ಮಾತಾಡಿದಷ್ಟೂ ಆಸಾಮಿ ಎಂಥವರು ಅಂತ ಗೊತ್ತಾಗುತ್ತೆ."

ಅವಳು ಬರೆದಳು: 'ನಿಮ್ಮ ಹತ್ತಿರ ಪೂರ್ತಿ ಗಂಟು ಇಲ್ಲ. ಇದ್ದಿದ್ದರೆ ಕೊಡುತ್ತಿದ್ದಿರಿ.'

"ಸಪ್ಪೆ," ಎಂದ ಗರಗಸ.

"ಏನು?"

"ಸಪ್ಪೆ ವಾದ ಅದು. ಇದೆ ಅಂತ ಅಂದ್ರೆ ಮುಗೀತು. ಕಾರಣಕ್ಕೆ ಕೈ ಹಾಕಬೇಕು." ಅವನ ಕಣ್ಣು ಈಗ ನೆಲದ ಮೇಲಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು, ದನಿ ಏರಿತ್ತು. "ಬರೀರಿ, ನಾನು ಹೇಳ್ತೀನಿ. 'ಕದಿಯೋ ಧೈರ್ಯ ನಿಮಗಿತ್ತು, ಕೊಡೋ ಧೈರ್ಯ ಇಲ್ಲ. ತಪ್ಪು ಅಂತ ಅನಿಸಿದ್ರೆ ಮೊದಲ ಚೂರೇ ಕೊಡಬಾರದಿತ್ತು. ಸರಿ ಅಂತ ಅನಿಸಿದ್ರೆ ಕೊನೇದನ್ನ ಇಟ್ಟುಕೊಳ್ಳೋ ಹಕ್ಕು ನಿಮಗಿಲ್ಲ. ನಡುವೆ ನಿಂತು ಕೈ ನಡುಗಿಸೋವ್ರಿಂದ ಎರಡು ಕಡೆಯವರಿಗೂ ಕೇಡು.' ಹಾಕಿ."

ಬರೆದು ಮುಗಿಸಿದ ಜಿಗಣೆಯ ಬೆರಳು ಕಳಿಸುವ ಕೀಲಿಯ ಮೇಲೆ ತಡೆಯಿತು. ಮಾತು ಎಲ್ಲಿಗೆ ನಾಟುತ್ತದೋ ಎಂದು ಅಳುಕಾಯಿತು. ಆದರೆ ಅವನಿಗೆ ವಾದದ ಅಮಲೇರಿತ್ತು. ಅಂಥವನಿಗೆ ಗೆಲ್ಲುವುದು ಕಾಣುತ್ತದೆಯೇ ಹೊರತು ಗೆದ್ದ ಮೇಲೆ ಏನು ಎಂಬುದು ಕಾಣುವುದಿಲ್ಲ. "ಹಾಕಿ ಅಂದ್ನಲ್ಲ!" ಎಂದು ಅವನೇ ಕೈ ಚಾಚಿ ಕೀಲಿ ಒತ್ತಿಬಿಟ್ಟ.

ಜಗಲಿಯಲ್ಲಿ ಶಿಳ್ಳೆ, ಚಪ್ಪಾಳೆ, ಬೈಗಳು ಒಟ್ಟಿಗೇ ಶುರುವಾದವು. ಹಿತ್ತಲ ಬಾಗಿಲು ಮೌನ.

ಒಳಕೋಣೆಯಲ್ಲಿ ಅಕ್ಕನ ಮಾತೂ ನಿಂತಿತ್ತು.

ಆಮೇಲೆ ಒಂದು ಸಾಲು ಬಂತು: 'ನೀವು ಹೇಳಿದ್ದು ನಿಜ. ತಗೊಳ್ಳಿ.'

ತೊಂಬತ್ತೊಂಬತ್ತು ನೂರಾಯಿತು. ಏರಿದ್ದೇ ಕಾಣಲಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿತ್ತು.

"ಅಯ್ಯೋ, ಬೇಡ!" ಗರಗಸ ಚೀರಿದ. ಜಿಗಣೆಗೆ ಏನೆಂದು ತಿಳಿಯುವ ಮೊದಲೇ ಅವನು ಮೇಜಿನ ಕೆಳಗೆ ನುಗ್ಗಿ, ಗೋಡೆಯಲ್ಲಿದ್ದ ನೆಟ್ಟಿನ ಡಬ್ಬದ ಪ್ಲಗ್ಗನ್ನು ಕಿತ್ತುಬಿಟ್ಟಿದ್ದ. ಮಿಣುಕುತ್ತಿದ್ದ ಹಸಿರು ದೀಪಗಳೆಲ್ಲ ಆರಿದವು.

"ಏನ್ರೀ ಮಾಡಿದ್ರಿ?"

"ನಿಮಗೆ ಬಂದ ಚೂರು ನಿಮ್ಮಿಂದ ಎಲ್ಲರಿಗೂ ಹೋಗ್ತಿತ್ತು. ಹಂಚಿಕೆ ಅಂದ್ರೆ ಅದೇ ಅಲ್ವಾ? ನೀವೇ ಬಡಿಸೋಕೆ ನಿಂತಿದ್ರಿ." ಅವನು ಏದುಸಿರು ಬಿಡುತ್ತಿದ್ದ. ಮೊಣಕಾಲೂರಿ ಪರದೆಯನ್ನು ಇಣುಕಿ ನೋಡಿದ. "ಹೊರಗೆ ಯಾರಿಗೂ ಮುಟ್ಟಿಲ್ಲ. ನಿಮಗೊಬ್ಬರಿಗೇ ಪೂರ್ತಿ ಬಂದಿದೆ. ಅಳಿಸಿಬಿಡಿ. ಈಗಲೇ."

"ಎಲ್ಲಾ ಬಯಲಾಗಬೇಕು ಅಂತ ಕೂಗೋವ್ರು ನೀವು."

"ಕನ್ನ ಬಯಲಾಗಬೇಕು ಅಂದೆ. ಮನೆಯವರ ಮಾತಲ್ಲ. ಅಳಿಸಿ ಅಂದ್ನಲ್ಲ!"

ಜಿಗಣೆ ಅಳಿಸಲಿಲ್ಲ. ಅವಳ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು. ಮಿಕ್ಕ ಚೂರುಗಳೆಲ್ಲ ಬರಲು ಗಂಟೆಗಟ್ಟಲೆ ಹಿಡಿದಿತ್ತು. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದಿತ್ತು, ಅದೂ ಎಲ್ಲರಿಗಿಂತ ಮೊದಲು ಅವಳಿಗೆ.

"ಇದು ಯಾಕೆ ಇಷ್ಟು ಬೇಗ ಬಂತು?"

ಗರಗಸ ಚೂರು ಕೊಟ್ಟವರ ವಿಳಾಸದ ಸಾಲನ್ನು ನೋಡಿದ. ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು. "ಹೊರಗಿಂದ ಬಂದಿಲ್ಲ," ಎಂದ ಮೆಲ್ಲಗೆ. "ಈ ವಿಳಾಸ ನೋಡಿ, ನಿಮ್ಮ ವಿಳಾಸ ನೋಡಿ. ಬಾಲದ ಅಂಕಿ ಮಾತ್ರ ಬೇರೆ. ಒಂದೇ ಡಬ್ಬಕ್ಕೆ ಸಿಕ್ಕಿಸಿದ ಎರಡು ಕಂಪ್ಯೂಟರಿಗೆ ಮಾತ್ರ ಹೀಗಿರುತ್ತೆ."

"ಅಂದ್ರೆ?"

"ಈ ಕ್ಲಿನಿಕ್ಕಿನೊಳಗಿಂದಲೇ ಬಂದಿದೆ."

ಭಾವ! ಎಂದುಕೊಂಡಳು ಜಿಗಣೆ. ಫೋನು ಹಿಡಿದೇ ಕೆಳಗಿಳಿದು ಹೋದವರು. ಎದ್ದು ಕಿಟಕಿಗೆ ಹಾರಿದಳು. ಕೆಳಗೆ ಬೀದಿಯ ಆಚೆ ಬದಿಯಲ್ಲಿ ಭಾವ ಒಂದು ಕೈಯಲ್ಲಿ ಕಾಫಿ ಲೋಟಗಳ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ವಾಹನಗಳ ನಡುವೆ ದಾಟಲಾರದೆ ಹಿಂದೆ ಮುಂದೆ ಹೆಜ್ಜೆ ಹಾಕುತ್ತಿದ್ದರು. ಮೊದಲ ಮಹಡಿಯ ನೆಟ್ಟು ಅಲ್ಲಿಯವರೆಗೆ ಎಲ್ಲಿ ಮುಟ್ಟುತ್ತದೆ?

ಹಾಗಾದರೆ ಯಾರು ಎಂದು ಅವಳು ಕಿಟಕಿಯಿಂದ ತಿರುಗಿದಳು. ಉತ್ತರ ಒಳಕೋಣೆಯಿಂದ ಬಂತು.

"ನೆಟ್ಟು ಯಾರೇ ಕಿತ್ತಿದ್ದು?" ಅಕ್ಕನ ದನಿ. "ಹಾಕೇ ಬೇಗ! ಇನ್ನೂ ಯಾರಿಗೂ ಹೋಗಿಲ್ಲ!"

ಧ್ವನಿಮುದ್ರಣದ ಗುಂಡಿ ಒತ್ತುವುದು ಬಿಟ್ಟರೆ ಕಂಪ್ಯೂಟರಿನಲ್ಲಿ ನನಗೆ ಏನೂ ಬಾರದು ಎಂದು ಎರಡು ದಿನದಿಂದ ಹೇಳುತ್ತಿದ್ದ ಅಕ್ಕ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತನ್ನನ್ನು ಎತ್ತಿ ಆಡಿಸಿದವಳು, ತಲೆ ಬಾಚಿದವಳು. ಯಾರ ಮಾನ ಉಳಿಸಲು ತಾನು ಎರಡು ದಿನ ಅನ್ನ ನೀರು ಬಿಟ್ಟು ಓಡಾಡಿದಳೋ ಅವಳೇ. ಅಳು ಬರುವಂತಾಯಿತು, ಜೊತೆಗೇ ಕಪಾಳಕ್ಕೆ ಹೊಡೆದಂತೆ ಸಿಟ್ಟೂ ಬಂತು.

"ಅಕ್ಕಾ, ಬಾಗಿಲು ತೆಗಿ."

ಚಿಲಕ ಸರಿದ ಸದ್ದು. ಬಾಗಿಲು ಅರ್ಧ ತೆರೆಯಿತು. ಅಕ್ಕನ ಮುಖ ಬಿಳಿಚಿಕೊಂಡಿತ್ತು, ಕಣ್ಣು ಊದಿತ್ತು. ಅವಳಿಗೆ ಕಂಡಿದ್ದು ತಂಗಿ ಮಾತ್ರ. ಗರಗಸ ಇನ್ನೂ ಮೇಜಿನ ಹಿಂದೆ ಮೊಣಕಾಲೂರಿಕೊಂಡಿದ್ದ.

"ನೀನೇನಾ ಹಿತ್ತಲ ಬಾಗಿಲು?"

"ಅವರ ಜಗಳ ಓದೀ ಓದೀ ಕಲಿತೆ ಕಣೇ," ಎಂದಳು ಅಕ್ಕ. "ಗಂಟು ಹೇಗೆ ಕಟ್ಟೋದು, ಹೇಗೆ ಬಿಡೋದು, ಎಲ್ಲಾ ಅಲ್ಲೇ ಬರೆದಿತ್ತು."

"ನಿನ್ನನ್ನ ನಂಬಿ ಬಂದ ಅಷ್ಟು ಜನರ ಮಾತು..."

"ಅಷ್ಟು ಜನರದ್ದಲ್ಲ. ಅದರಲ್ಲಿರೋದು ಒಬ್ಬನ ಮಾತು." ಅಕ್ಕ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ನಾನು ಬಾಯಿಬಿಟ್ಟು ಹೇಳೋ ಹಾಗಿಲ್ಲ. ಪೊಲೀಸರಿಗಿರಲಿ, ನಿನಗೂ ಹೇಳೋ ಹಾಗಿಲ್ಲ, ಮಾತು ಕೊಟ್ಟಿದ್ದೀನಿ. ಕಳುವಾದ್ರೆ ಮಾತ್ರ ಹೊರಗೆ ಬರೋ ಮಾತು ಅದು. ಅದಕ್ಕೇ ಕಳುವು ಮಾಡಿದೆ. ಮಾಡಿದ ಮೇಲೆ ಕೈ ಬರಲಿಲ್ಲ. ಎರಡು ದಿನದಿಂದ ಆ ಕೊನೇ ಚೂರು ಹಿಡ್ಕೊಂಡು ಕೂತಿದ್ದೆ. ಆಮೇಲೆ ಈಗ ಯಾರೋ ಬರೆದ್ರಲ್ಲ, ನಡುವೆ ನಿಂತು ಕೈ ನಡುಗಿಸೋವ್ರು ಅಂತ..."

ಮೇಜಿನ ಹಿಂದಿನಿಂದ ಗರಗಸ ಎದ್ದು ನಿಂತ. ಪ್ಲಗ್ಗಿನ ವೈರು ಕೈಗೆ ಸುತ್ತಿಕೊಂಡಿತ್ತು.

ಅಕ್ಕ ಅವನನ್ನು ನೋಡಿದ್ದು ಪರಿಚಯವಿಲ್ಲದವನನ್ನು ನೋಡುವ ಹಾಗಿರಲಿಲ್ಲ.

"ನೀವಾ?" ಎಂದಳು. "ಅಲ್ಲಿ ಬರೀತಿದ್ದ ಗರಗಸ... ನೀವಾ?"

"ಇಲ್ಲಿ ಹೇಳಿದ್ದು ಈ ಗೋಡೆ ದಾಟಲ್ಲ ಅಂದಿದ್ರಿ, ಮೇಡಂ." ದನಿ ಮತ್ತೆ ಮೊದಲಿನ ಹಾಗೆ ಮೆತ್ತಗಾಗಿತ್ತು. "ಗೋಡೇಲಿ ಕನ್ನ ಇದೆ, ಮುಚ್ಚಿ ಅಂತ ಎಷ್ಟು ಬಡ್ಕೊಂಡೆ ನಾನು."

ಅವನು ಲ್ಯಾಪ್‌ಟಾಪಿಗೆ ಕೈ ಚಾಚಿದ. ಜಿಗಣೆ ಅದನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು. ಗಂಟು ಬಿಚ್ಚಿಕೊಂಡಿತ್ತು. ಒಳಗೆ ಕಂಡ ಮೊದಲ ದನಿಯನ್ನೇ ಒತ್ತಿದಳು.

ಕೋಣೆಯ ತುಂಬ ಅವನದೇ ಮೆದು ಮಾತು ಹರಡಿತು. "ಬೆಂಕಿ ತಾನಾಗೇ ಹತ್ತಿತು ಅಂತ ಎಲ್ಲರೂ ಅಂದ್ಕೊಂಡಿದ್ದಾರೆ ಮೇಡಂ. ನನ್ನ ಹೆಂಡತಿ ವರ್ಕ್‌ಶಾಪಿನ ಹಿಂದಿನ ಕೋಣೇಲಿದ್ದಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೊರಗಿಂದ ಚಿಲಕ ಹಾಕಿದೆ. ಈಗ ಅವಳ ತಂಗಿಗೆ ಅನುಮಾನ ಬಂದಿದೆ. ದಿನಾ ಫೋನ್ ಮಾಡಿ ಕೇಳ್ತಾಳೆ. ಅವಳನ್ನೂ ಸುಮ್ಮನಾಗಿಸದೆ ನನಗೆ ನಿದ್ದೆ ಬರಲ್ಲ."

ಜಿಗಣೆಯ ಬೆರಳು ತಾನಾಗಿ ಅದನ್ನು ನಿಲ್ಲಿಸಿತು. ಮೆಟ್ಟಿಲ ಮೇಲೆ ಭಾವನ ಹೆಜ್ಜೆ, ಲೋಟಗಳ ಸದ್ದು ಕೇಳಿಸುತ್ತಿತ್ತು.

"ಆ ತಂಗಿ ವಿಳಾಸ ಕೊಡು ಅಕ್ಕ," ಎಂದಳು. "ಈಗಲೇ ಹೊರಟರೆ..."

ಗರಗಸ ಕೈಗೆ ಸುತ್ತಿದ್ದ ವೈರನ್ನು ಬಿಚ್ಚಿ, ಅಂದವಾಗಿ ಮಡಚಿ ಮೇಜಿನ ಮೇಲಿಟ್ಟ. ಅವನು ನೋಡಿದ್ದು ಜಿಗಣೆಯನ್ನಲ್ಲ, ಅಕ್ಕನನ್ನು.

"ಮೊನ್ನೆಯೇ ಪೂರ್ತಿ ಕೊಟ್ಟುಬಿಡಬೇಕಿತ್ತು ಮೇಡಂ," ಎಂದ. "ಇವತ್ತು ಬೆಳಿಗ್ಗೆ ಅವಳ ಮನೆಗೆ ಹೋಗಿಯೇ ನಾನು ಇಲ್ಲಿಗೆ ಬಂದಿದ್ದು."